ಬಾಗಿಲು ತೆರೆಯದ ಆಟ

ಮುಂದಿನ ಸೀಟಿನವನು ಬಸ್ಸಿನ ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸುತ್ತಿದ್ದುದನ್ನು ಕಂಡು ತಿಪ್ಪೇಶನಿಗೆ ವಿಪರೀತ ಸಿಟ್ಟು ಬಂತು. ಧೂಳಿದ್ದದ್ದು ಹೊರಗೆ, ಅವನು ಒರೆಸುತ್ತಿದ್ದದ್ದು ಒಳಗೆ. ಎಷ್ಟು ಒರೆಸಿದರೂ ಗಾಜು ಕೆಂಪಗೇ ಇತ್ತು, ಅವನು ಬಿಡದೆ ಒರೆಸುತ್ತಲೇ ಇದ್ದ. ಅಷ್ಟು ಸಣ್ಣದನ್ನು ಹೇಳಿಕೊಡಲು ಬಾಯಿ ತೆರೆದರೆ ಏನೇನು ಹೊರಬರುವುದೋ ಎಂದು ಹೆದರಿ ತಿಪ್ಪೇಶ ತುಟಿ ಬಿಗಿದುಕೊಂಡ. ಹೊಸಪೇಟೆ ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳ ಸಾಲಿಗೆ ಸಿಕ್ಕಿಕೊಂಡು ಕಂಪನಿ ಬಸ್ಸು ನಿಲ್ಲುತ್ತ, ಮತ್ತೆ ಹೊರಡುತ್ತ ಸಾಗುತ್ತಿತ್ತು. ತೊಡೆಯ ಮೇಲಿದ್ದ ಚೀಲದಲ್ಲಿ ಒಂದು ಸಿ.ಡಿ. ಇತ್ತು. ಅದನ್ನು ಕಿಟಕಿಯಿಂದಾಚೆ ಎಸೆದುಬಿಡಬಹುದಿತ್ತು. ಮುಂದಿನ ಲಾರಿ ಬರುವಷ್ಟರಲ್ಲಿ ಎಸೆಯುತ್ತೇನೆ ಎಂದುಕೊಂಡ. ಲಾರಿ ಬಂತು, ಹೋಯಿತು. ಅದರ ಹಿಂದಿನದೂ ಹೋಯಿತು. ಹೇಡಿ ಎಂದು ತನ್ನನ್ನೇ ಬೈದುಕೊಂಡ. ಆ ಬೈಗುಳ ಎಷ್ಟೋ ತಿಂಗಳಿಂದ ಬಾಯಲ್ಲಿ ಹೊರಳಾಡಿ ಸಪ್ಪೆಯಾಗಿತ್ತು.

ಸಿ.ಡಿ.ಯಲ್ಲಿದ್ದದ್ದು ಅವನೇ ಮಾಡಿದ ಒಂದು ಕಂಪ್ಯೂಟರ್ ಆಟ. ಯಶವಂತನಗರದ ಹತ್ತಿರದ ಗಣಿಯಲ್ಲಿ, ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವುದು ಅವನ ಕೆಲಸ. ಗುಡ್ಡವನ್ನು ಯಾವ ಮಟ್ಟಕ್ಕೆ ಅಗೆದಿದ್ದಾರೆ, ಬೇಡದ ಮಣ್ಣನ್ನು ಎಲ್ಲಿ ಸುರಿದಿದ್ದಾರೆ ಎಂದು ದಿನವೂ ಗೆರೆ ಎಳೆಯಬೇಕು. ನಕ್ಷೆ ಬರೆಯುವ ಕೈಗೆ ಆಟ ಮಾಡುವುದು ಕಷ್ಟವೆನಿಸಲಿಲ್ಲ. ಬೇಕಾದ ಸಾಫ್ಟ್‌ವೇರ್ ಸ್ಟೇಷನ್ ರಸ್ತೆಯ ಸೈಬರ್ ಸೆಂಟರಿನಲ್ಲಿ ಪುಕ್ಕಟೆ ಸಿಕ್ಕಿತ್ತು. ಆಟ ಇಪ್ಪತ್ತು ನಿಮಿಷದ್ದು. ಭೂಮಿಯ ಉತ್ತರದ ತುದಿಯಲ್ಲಿ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಒಂದು ಮರದ ಗುಡಿಸಲು. ಒಳಗೊಬ್ಬ ಮನುಷ್ಯ. ಥರ್ಮಾಮೀಟರ್ ನೋಡಿ, ಗಾಳಿಯ ವೇಗ ಬರೆದುಕೊಂಡು, ದೂರದ ಠಾಣೆಗೆ ರೇಡಿಯೋದಲ್ಲಿ ಹೇಳುವುದು ಅವನ ಕೆಲಸ. ಕಿಟಕಿಯಾಚೆ ಬಿಳುಪು ಬಿಟ್ಟರೆ ಬೇರೇನಿಲ್ಲ. ನೆಲ ಯಾವುದು, ಆಕಾಶ ಯಾವುದು ತಿಳಿಯದು, ಯಾವುದಕ್ಕೂ ನೆರಳಿಲ್ಲ. ಸ್ವಲ್ಪ ಹೊತ್ತಿಗೆ ಹಿಮದೊಳಗಿಂದ ಕಟಕಟ ಸದ್ದು ಬರುತ್ತದೆ, ಬಿಳಿಯ ಮೇಲೊಂದು ತೆಳು ಗೆರೆ ಕಾಣುತ್ತದೆ, ನೋಡಿದಾಗಲೆಲ್ಲ ಅದು ಗುಡಿಸಲಿಗೆ ಹತ್ತಿರವಾಗಿರುತ್ತದೆ. ಅವನು ರೇಡಿಯೋದಲ್ಲಿ ಹೇಳುತ್ತಾನೆ. ಠಾಣೆಯವನು ತಣ್ಣಗೆ, ಅಲ್ಲೇ ಇರು, ಎನ್ನುತ್ತಾನೆ. ಬಾಗಿಲಿದೆ, ಆದರೆ ಯಾವ ಗುಂಡಿ ಒತ್ತಿದರೂ ಅದು ತೆರೆಯದು. ದೆವ್ವವಿಲ್ಲ, ರಕ್ತವಿಲ್ಲ. ಕಡೆಗೆ ಪರದೆಯೆಲ್ಲ ಬಿಳಿಯಾಗುತ್ತದೆ.

ಹಿಮವನ್ನು ಅವನು ಕಂಡವನಲ್ಲ. ಆ ಜಾಗವನ್ನು ಆರಿಸಿದ್ದು ಇಲ್ಲಿನ ಯಾರಿಗೂ ಗುರುತು ಸಿಗಬಾರದೆಂದು. ಕೆಂಪಿನ ಒಂದು ಚುಕ್ಕೆಯನ್ನೂ ಒಳಗೆ ಬಿಡದೆ, ಗುಡಿಸಲಿನವನ, ಠಾಣೆಯವನ ಇಬ್ಬರ ಮಾತನ್ನೂ ತನ್ನದೇ ದನಿಯಲ್ಲಿ ಕನ್ನಡದಲ್ಲೇ ರೆಕಾರ್ಡು ಮಾಡಿ, ಗರಗರ ಸದ್ದು ಬೆರೆಸಿ, ಮನೆಯಲ್ಲಿ ಮಾಡಿದ ಆಟಗಳನ್ನು ಹಂಚುವ ಒಂದು ಜಾಲತಾಣಕ್ಕೆ ಏರಿಸಿದ್ದ. ನಾರ್ವೆಯ ಯಾರೋ ಒಬ್ಬ ಬರೆದಿದ್ದ: ನಾನು ಹಿಮದಲ್ಲೇ ಹುಟ್ಟಿದವನು, ಹಿಮ ನನ್ನನ್ನು ಹೆದರಿಸಲಿಲ್ಲ. ಆದರೆ ರೇಡಿಯೋದಲ್ಲಿ ಮಾತನಾಡುವ ಆ ಸಮಾಧಾನದ ದನಿ ಯಾವ ಭಾಷೆಯದೋ ತಿಳಿಯದು, ಅದನ್ನು ಕೇಳಿದ ಮೇಲೆ ಎದ್ದು ಹೋಗಿ ನನ್ನ ಮನೆಯ ಬಾಗಿಲು ತೆರೆದು ನೋಡಿಕೊಂಡೆ. ಸೈಬರ್ ಸೆಂಟರಿನಲ್ಲಿ ಅದನ್ನು ಓದಿದ ದಿನ ತಿಪ್ಪೇಶನಿಗೆ ಕ್ಷಣಹೊತ್ತು ಹೆಮ್ಮೆಯಾಯಿತು. ಹೆಮ್ಮೆಯ ಬೆನ್ನಿಗೇ ಹೇಸಿಗೆಯೂ ಬಂತು. ಸತ್ತವನನ್ನು ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಂತಾಗಿತ್ತು.

ಹದಿನೈದು ದಿನದ ಹಿಂದೆ ಊಟದ ಹೊತ್ತಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಏನೋ ತಿದ್ದುತ್ತಿದ್ದಾಗ ಗಣಿಯ ಮ್ಯಾನೇಜರ್ ವಿರುಪಾಕ್ಷಪ್ಪ ಹಿಂದೆ ಬಂದು ನಿಂತಿದ್ದ. ಬೈಯುತ್ತಾನೆಂದುಕೊಂಡರೆ ಕುರ್ಚಿ ಎಳೆದುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡಲು ಕುಳಿತ. ತಿಪ್ಪೇಶ ಕೈಕಟ್ಟಿ ಪಕ್ಕದಲ್ಲಿ ನಿಂತ. ಈಗ ನಿಲ್ಲಿಸುತ್ತಾನೆ, ಈಗ ತಿರುಗಿ ನನ್ನ ಮುಖ ನೋಡುತ್ತಾನೆ ಎಂದು ಕಾದ. ಬಿರುಕು ಗುಡಿಸಲಿಗೆ ಮುಟ್ಟಿತು, ಪರದೆ ಬೆಳ್ಳಗಾಯಿತು. ವಿರುಪಾಕ್ಷಪ್ಪ ಹೆಡ್‌ಫೋನ್ ತೆಗೆದು ಕಿವಿ ತುರಿಸಿಕೊಂಡ. "ಭಾಳ ಛಲೋ ಮಾಡೀಯಲೇ," ಎಂದ. "ರೇಡಿಯೋ, ಡ್ಯೂಟಿ, ಶಿಸ್ತು. ನಮ್ಮ ಸೇಫ್ಟಿ ವೀಕಿಗೆ ಹೇಳಿ ಮಾಡ್ಸಿದಂಗ ಐತಿ. ಸ್ಟಾಲಿನಾಗ ಇಡು."

ಗುರುತು ಸಿಕ್ಕಿರಲಿಲ್ಲ. ಹಿಂದೊಮ್ಮೆ ತಾನೇ ಆಡಿದ ಮಾತನ್ನು ಕಿವಿಯೊಳಗೇ ಕೇಳಿಸಿಕೊಂಡು, ವಿರುಪಾಕ್ಷಪ್ಪ ಛಲೋ ಐತಿ ಎಂದು ಎದ್ದು ಹೋಗಿದ್ದ. ಆ ಸಂಜೆ ಬಸ್ಸಿನಲ್ಲಿ ಕುಳಿತಾಗ ತಿಪ್ಪೇಶನಿಗೆ ತಿಳಿದದ್ದು, ಯಾರಿಗೂ ಗುರುತು ಸಿಗಬಾರದು ಎಂದುಕೊಂಡದ್ದೆಲ್ಲ ಸುಳ್ಳು, ಇವನೊಬ್ಬನಿಗೆ ಗುರುತು ಸಿಗಲಿ ಎಂದೇ ತಾನು ಅದನ್ನು ಮಾಡಿದ್ದು. ಅಂದಿನಿಂದ ಸಿಟ್ಟು ಇಳಿದಿರಲಿಲ್ಲ. ಊಟ ಬಡಿಸಿದ ಹೆಂಡತಿಯ ಮೇಲೆ, ಕರೆಂಟಿನ ಮೇಲೆ, ಹಲ್ಲುಜ್ಜುವಾಗ ನೀರು ನಿಂತ ನಲ್ಲಿಯ ಮೇಲೆ ಹರಿದು, ಹರಿದಷ್ಟೂ ಊರುತ್ತಿತ್ತು.

ಒಂದೂವರೆ ವರ್ಷದ ಹಿಂದಿನ ಆಗಸ್ಟ್. ಮೂರು ದಿನ ಬಿಡದೆ ಹನಿಯುತ್ತಿದ್ದ ಮಳೆ. ಅಗೆದು ತೆಗೆದ ಮಣ್ಣನ್ನು ಸುರಿದು ಸುರಿದು ಎತ್ತರವಾಗಿದ್ದ ಡಂಪಿನ ಮೇಲೆ ಹೊನ್ನೂರುಸ್ವಾಮಿ ನಿಂತಿದ್ದ. ಟಿಪ್ಪರುಗಳು ಹಿಂದಕ್ಕೆ ಬಂದು ಮಣ್ಣು ಸುರಿಯುವಾಗ ಅಂಚಿನಲ್ಲಿ ಸೀಟಿ ಊದಿ ನಿಲ್ಲಿಸುವುದು ಅವನ ಕೆಲಸ. ಕೈಯಲ್ಲೊಂದು ವಾಕಿಟಾಕಿ. ಅದರ ಜೋಡಿ ಸರ್ವೆ ಆಫೀಸಿನಲ್ಲಿ ತಿಪ್ಪೇಶನ ಮೇಜಿನ ಮೇಲಿತ್ತು. ಊಟದ ಹೊತ್ತಿಗೆ ಅದು ಗರಗರ ಎಂದಿತು. ನೆಲ ಬಿರಿಯುತ್ತಿದೆ, ಬೆರಳು ಹೋಗುವಷ್ಟು ಸಂದಿಯಾಗಿದೆ, ಟಿಪ್ಪರ್ ನಿಲ್ಲಿಸಿ ನಾನು ಕೆಳಗೆ ಬರಲೇ ಎಂದು ಹೊನ್ನೂರುಸ್ವಾಮಿ ಕೇಳಿದ. ವಿರುಪಾಕ್ಷಪ್ಪ ಎದುರಿಗೇ ಕುಳಿತು ಮೊಸರನ್ನ ಕಲಸುತ್ತಿದ್ದ, ಕಿವಿಗೂ ಭುಜಕ್ಕೂ ನಡುವೆ ಫೋನು ಒತ್ತಿಕೊಂಡಿದ್ದ. ತಲೆ ಎತ್ತದೆ, "ಅಲ್ಲೇ ಇರು ಅನ್ನು. ಗಾಡಿ ನಿಂದ್ರಸಬ್ಯಾಡ. ನಾ ಬಂದ್ ನೋಡ್ತೀನಿ," ಎಂದ. ತಿಪ್ಪೇಶ ಹಾಗೆಯೇ ಹೇಳಿದ. ಹತ್ತು ನಿಮಿಷಕ್ಕೆ ಮತ್ತೆ ಗರಗರ ಎಂದಿತು. ವಿರುಪಾಕ್ಷಪ್ಪ ಎದ್ದಿರಲಿಲ್ಲ, ಫೋನೂ ಇಳಿದಿರಲಿಲ್ಲ. ಮತ್ತೆ ಕೇಳಿದರೆ ರೇಗುತ್ತಾನೆ. ಮೊನ್ನೆ ಎಲ್ಲರೆದುರು ನಕ್ಷೆಯೊಂದನ್ನು ಮುಖಕ್ಕೆ ಎಸೆದಿದ್ದ. ಅದು ನೆನಪಾಗಿ ತಿಪ್ಪೇಶ ಕೇಳಲಿಲ್ಲ. "ಸಾಹೇಬ್ರು ಹೊಂಟಾರ, ದಾರ್‍ಯಾಗ ಅದಾರ, ಅಲ್ಲೇ ಇರು," ಎಂದು ವಾಕಿಟಾಕಿಗೆ ತಾನೇ ಹೇಳಿದ. ದನಿ ಎಷ್ಟು ಸಮಾಧಾನವಾಗಿತ್ತು. ಆ ಕಡೆಯಿಂದ, ಆಯ್ತು ಅಣ್ಣ, ಎಂದಿತು. ಆಮೇಲೆ ಬಂದ ಸದ್ದು ವಾಕಿಟಾಕಿಯಿಂದಲ್ಲ, ನೇರ ಗುಡ್ಡದಿಂದಲೇ ಬಂತು.

ಡಂಪು ಕುಸಿದು ಹೊನ್ನೂರುಸ್ವಾಮಿ ಸತ್ತ ಬಗ್ಗೆ ಕಂಪನಿ ಕೊಟ್ಟ ಹೇಳಿಕೆಯನ್ನು ಟೈಪು ಮಾಡಿದವನೂ ತಿಪ್ಪೇಶನೇ. ಕೆಲಸದ ವೇಳೆಯಲ್ಲಿ ಕುಡಿದು ಡಂಪಿನ ಬುಡದಲ್ಲಿ ಮಲಗಿದ್ದನು ಎಂದು ವಿರುಪಾಕ್ಷಪ್ಪ ಹೇಳುತ್ತ ಹೋದ. ಸತ್ತವನಿಗೆ ಏಕವಚನ ಬೇಡವೆಂದು ತಿಪ್ಪೇಶ ಮಲಗಿದ್ದರು ಎಂದು ತಿದ್ದಿ, ಕೆಳಗೆ ಸಾಕ್ಷಿಯ ಸಹಿ ಹಾಕಿದ. ಆ ತಿದ್ದುಪಡಿ ನೆನಪಾದಾಗಲೆಲ್ಲ ಕೈ ಕತ್ತರಿಸಿ ಹಾಕಬೇಕೆನಿಸುತ್ತಿತ್ತು. ಹೊನ್ನೂರುಸ್ವಾಮಿಯ ಹೆಂಡತಿ ತುಳಸಿಗೆ ಕ್ಯಾಂಟೀನಿನಲ್ಲಿ ಕಸ ಗುಡಿಸುವ, ಚಹಾ ಕೊಡುವ ಕೆಲಸ ಕೊಟ್ಟರು. ಅಂದಿನಿಂದ ತಿಪ್ಪೇಶ ಕ್ಯಾಂಟೀನಿಗೆ ಕಾಲಿಡಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆಯೇ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ.

ಬಸ್ಸು ಗಣಿ ಮುಟ್ಟಿದಾಗ, ಮೈದಾನದಲ್ಲಿ ಸೇಫ್ಟಿ ವೀಕಿಗೆಂದು ಹಸಿರು ಬಿಳಿ ಪಟ್ಟೆಯ ಶಾಮಿಯಾನ ಹಾಕಿದ್ದರು. ವೇದಿಕೆ, ಮೈಕು, ಸಾಲು ಕುರ್ಚಿಗಳು, ಒಂದು ಬದಿಗೆ ಸ್ಟಾಲುಗಳು. ಥರ್ಮೊಕೋಲಿನ ಗುಡ್ಡ, ಆಟಿಕೆಯ ಟಿಪ್ಪರು, ಹೆಲ್ಮೆಟ್ ತೊಟ್ಟ ಗೊಂಬೆ. ತಿಪ್ಪೇಶ ಸದ್ದು ಬಾರದಂತೆ ವೈರು ಕಿತ್ತು ಆಟ ಹಚ್ಚಿ ಕುಳಿತಿದ್ದ. ಬೇರೆ ಗಣಿಗಳಿಂದ ಬಂದ ನಾಲ್ಕೈದು ಅತಿಥಿಗಳನ್ನು ಕರೆದುಕೊಂಡು ಬಂದ ವಿರುಪಾಕ್ಷಪ್ಪ, ಸೌಂಡ್ ಇಲ್ಲದಿದ್ದರೆ ಏನು ಮಜಾ ಎಂದು ಬೈದು, ದೊಡ್ಡ ಸ್ಪೀಕರುಗಳನ್ನು ತರಿಸಿ ತಾನೇ ನಿಂತು ಜೋಡಿಸಿದ. ನಮ್ಮ ಹುಡುಗ ಮಾಡಿದ್ದು, ಫಾರಿನ್ನಿನವರೂ ಆಡುತ್ತಾರೆ ಎಂದು ತಿಪ್ಪೇಶನ ಬೆನ್ನು ತಟ್ಟಿದ. ಆ ಕೈ ಬಿದ್ದ ಜಾಗ ಅಂಗಿಯೊಳಗೆ ಉರಿಯಿತು. ಎದ್ದು ಹೋಗಬೇಕು ಎಂದುಕೊಂಡ. ಕಾಲು ಕುರ್ಚಿಯ ಕೆಳಗೇ ಇತ್ತು.

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ತುಳಸಿ ಬಂದಳು. ಇಷ್ಟು ಹತ್ತಿರದಿಂದ ಅವಳನ್ನು ಅವನು ನೋಡಿದ್ದೇ ಇಲ್ಲ. ಮೂವತ್ತೂ ತುಂಬದ ಮುಖ, ಕೆಳತುಟಿಯನ್ನು ಹಲ್ಲಿನಿಂದ ಹಿಡಿದಿಟ್ಟುಕೊಂಡಂತಿತ್ತು. ಅತಿಥಿಗಳಿಗೆ ಚಹಾ ಕೊಟ್ಟು ತಿರುಗಿದವಳನ್ನು ವಿರುಪಾಕ್ಷಪ್ಪ ತಡೆದ. ಇದನ್ನು ಆಡಲು ಓದು ಬರಹ ಬೇಕಿಲ್ಲ, ನಮ್ಮ ಕ್ಯಾಂಟೀನಿನ ಹೆಣ್ಣುಮಗಳೂ ಆಡುತ್ತಾಳೆ, ನೋಡಿ ಎಂದು ಅತಿಥಿಗಳಿಗೆ ಹೇಳಿ, ಅವಳ ಕೈಯಿಂದ ತಟ್ಟೆ ತೆಗೆದಿಟ್ಟು ತಿಪ್ಪೇಶನ ಪಕ್ಕದ ಕುರ್ಚಿ ತೋರಿಸಿದ. ಅವಳು ಬೇಡ ಎಂದಳು. ಅವನು ನಕ್ಕು ಕೂರಿಸಿದ. ಬ್ಯಾಡ್ರಿ ಸಾಹೇಬ್ರ ಎಂದು ತಾನು ಹೇಳಿದೆನೆಂದು ತಿಪ್ಪೇಶ ತಿಳಿದುಕೊಂಡಿದ್ದ, ಆದರೆ ಯಾರೂ ಅವನತ್ತ ನೋಡದ್ದರಿಂದ, ದನಿಯೇ ಹೊರಟಿಲ್ಲವೆಂದು ಗೊತ್ತಾಯಿತು. ಅವಳು ಒಂದು ಬೆರಳಿನಿಂದ ಗುಂಡಿ ಒತ್ತಿದಳು. ಗುಡಿಸಲಿನ ಮನುಷ್ಯ ಕಿಟಕಿಗೆ ಹೋದ. ಬಿಳುಪನ್ನು ನೋಡಿ, ಇದು ಸುಣ್ಣವೇ ಎಂದು ಕೇಳಿದಳು. ಹಿಮ ಎಂದು ಯಾರೋ ಹೇಳಿದರು. ಕಟಕಟ ಸದ್ದಿಗೆ ಅವಳ ಬೆರಳು ನಿಂತಿತು. ಗೆರೆ ಕಂಡಿತು. ಆಗ ಸ್ಪೀಕರಿನಿಂದ ಗುಡಿಸಲಿನವನ ದನಿ, ತಿಪ್ಪೇಶನದೇ ದನಿ, ಮೈದಾನದುದ್ದಕ್ಕೂ ಕೇಳುವಂತೆ ಬಂತು: "ಹೇಳ್ತೀನಿ ಕೇಳು ಮತ್ತ. ಇಲ್ಲೆ ನೆಲ ಬಿರಿಯಾಕತ್ತೈತಿ. ನಾ ಬರ್ಲೇನು?"

ಅವಳು ಕೈ ತೆಗೆದಳು. ಹೇಳ್ತೀನಿ ಕೇಳು ಮತ್ತ. ಹೊನ್ನೂರುಸ್ವಾಮಿ ಏನು ಹೇಳುವುದಿದ್ದರೂ ಹಾಗೆಯೇ ಶುರು ಮಾಡುತ್ತಿದ್ದ. ಆ ಮಾತನ್ನು ತಾನು ಆಟದೊಳಗೆ ಇಟ್ಟದ್ದು ತಿಪ್ಪೇಶನಿಗೆ ಈ ಕ್ಷಣದವರೆಗೂ ತಿಳಿದಿರಲಿಲ್ಲ. ದನಿ ಮಾತ್ರ ತನ್ನದು, ಎಳೆದು ಎತ್ತಿ ಬಿಡುವ ಆ ರಾಗ ಅವನದು. ಅಲ್ಲೇ ಇರು ಎಂದು ಠಾಣೆಯ ದನಿ ಉತ್ತರಿಸಿತು. ತುಳಸಿ ಮನುಷ್ಯನನ್ನು ಬಾಗಿಲಿಗೆ ನಡೆಸಿದಳು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ಕೀಬೋರ್ಡಿನ ಗುಂಡಿಗಳನ್ನೆಲ್ಲ ಅಂಗೈಯಿಂದ ಬಡಿಯತೊಡಗಿದಳು. ಅತಿಥಿಗಳು ನಕ್ಕರು. ವಿರುಪಾಕ್ಷಪ್ಪನೂ ನಕ್ಕ.

"ಬಾಗಲ ಯಾಕ ತಗಿಯಂಗಿಲ್ಲ?" ಎಂದು ಅವಳು ಯಾರನ್ನೂ ನೋಡದೆ ಕೇಳಿದಳು.

"ತಗಿಯಂಗ ಮಾಡಿಲ್ಲ," ಎಂದ ತಿಪ್ಪೇಶ.

ಅವಳು ತಿರುಗಿ ಅವನನ್ನು ನೋಡಿದಳು. ಹದಿನೈದು ದಿನದ ಹಿಂದೆ ವಿರುಪಾಕ್ಷಪ್ಪನ ಮುಖದಲ್ಲಿ ಕಾಣಲೆಂದು ಅವನು ಕಾದು ನಿಂತಿದ್ದ ನೋಟ ಅದು. ಎದುರಿಗೆ ಬಂದಾಗ ತಡೆದುಕೊಳ್ಳಲಾಗಲಿಲ್ಲ. ಎದ್ದು, ಕುರ್ಚಿ ಉರುಳಿದ್ದನ್ನೂ ಲೆಕ್ಕಿಸದೆ ಶಾಮಿಯಾನದ ಹಿಂದಕ್ಕೆ ಹೋದ. ಅಲ್ಲಿ ಅಡುಗೆಯವರು ಈರುಳ್ಳಿ ಹೆಚ್ಚುತ್ತಿದ್ದರು. ಅವಳು ಹಿಂದೆಯೇ ಬಂದಳು. ಅಡುಗೆಯವರಿದ್ದಾರೆಂದು ಅವಳು ದನಿ ತಗ್ಗಿಸಲಿಲ್ಲ. ಅದು ನಮ್ಮ ಮನೆಯವರ ಮಾತು, ನಿಮ್ಮ ಬಾಯಿಗೆ ಹೇಗೆ ಬಂತು ಎಂದು ಕೇಳಿದಳು. ಅವನು ಹೇಳಿದ. ಎಲ್ಲವನ್ನೂ ಹೇಳಿದ. ಮೊದಲನೆಯ ಸಲ ಸಾಹೇಬರು ಹೇಳಿಸಿದ್ದು, ಎರಡನೆಯ ಸಲ ಸಾಹೇಬರು ಕುರ್ಚಿ ಬಿಟ್ಟು ಏಳದಿದ್ದರೂ ದಾರಿಯಲ್ಲಿದ್ದಾರೆಂದು ತಾನೇ ಸುಳ್ಳು ಹೇಳಿದ್ದು, ಕಾಗದದಲ್ಲಿ ಬರೆದದ್ದು, ಸಹಿ ಹಾಕಿದ್ದು. ಹೇಳುತ್ತ ಹೋದಂತೆ, ಅವಳು ಹೊಡೆದರೆ ಹಗುರಾಗುತ್ತದೆ ಎಂಬ ಆಸೆ ತನ್ನೊಳಗೆ ಹುಟ್ಟಿದ್ದನ್ನು ಕಂಡು ಅದಕ್ಕೂ ನಾಚಿದ.

ಅವಳು ಹೊಡೆಯಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ತಿರುಚುತ್ತ ನಿಂತಿದ್ದಳು.

"ನಾ ಅವರ ಫೋಟೋ ಗ್ವಾಡಿಗೆ ಹಾಕಿಲ್ರಿ," ಎಂದಳು. "ಕುಡ್ದು ಬಿದ್ದು ಸತ್ತ, ನನ್ನ ನಡುನೀರಾಗ ಬಿಟ್ಟ ಅಂತ ದಿನಾ ಬೈದೀನಿ. ಅತ್ತಿಲ್ರಿ ನಾನು. ಸತ್ತ ದಿನಾನೂ ಅತ್ತಿಲ್ಲ. ನಮ್ಮ ಮಾವ ಒಬ್ಬಾತ, ನನ್ನ ಮಗ ಕುಡಿಯಂಗಿಲ್ಲ ಅಂತಿದ್ದ. ಸುಮ್ನ ಕುಂದ್ರು ಮುದುಕ ಅಂತಿದ್ನಿ."

ತಪ್ಪಾಯಿತು ಎಂಬ ಮಾತು ತಿಪ್ಪೇಶನ ಬಾಯಿಗೆ ಬಂತು. ಅವಳು ಅದನ್ನು ಮುಖದಲ್ಲೇ ಓದಿಕೊಂಡವಳಂತೆ, "ನನಗ ಏನೂ ಹೇಳಬ್ಯಾಡ್ರಿ. ನಮ್ಮ ಮಾವಗ ಹೇಳ್ರಿ. ಇಲ್ಲೇ ಕುಂತಾನ," ಎಂದು ಮುಂದೆ ನಡೆದಳು.

ಭರಮಣ್ಣ ಹಿಂದಿನ ಸಾಲಿನಲ್ಲಿ, ಕೆಲಸ ಬಿಟ್ಟ ಹಳೆಯ ಕೂಲಿಗಳ ಜೊತೆ ಊಟಕ್ಕೆ ಕಾಯುತ್ತ ಕುಳಿತಿದ್ದ. ಇಪ್ಪತ್ತೈದು ವರ್ಷ ಬಂಡೆಗೆ ಕುಳಿ ಕೊರೆಯುವ ಯಂತ್ರ ಹಿಡಿದವನು. ಎರಡೂ ಕಿವಿ ಹೋಗಿದ್ದವು. ತಿಪ್ಪೇಶ ಬಗ್ಗಿ ಕಿವಿಯ ಹತ್ತಿರ ಹೇಳಿದ. ಮುದುಕ ಮುಖ ಎತ್ತಿ ತುಟಿಗಳನ್ನೇ ನೋಡುತ್ತ, ಏನು ಎಂದ. ಇನ್ನೂ ಜೋರಾಗಿ ಹೇಳಬೇಕಾಯಿತು. ಪಕ್ಕದ ಮುದುಕರು ತಿರುಗಿದರು. ನಿನ್ನ ಮಗ ಕುಡಿದಿರಲಿಲ್ಲ, ಡಂಪು ಬಿರಿಯುತ್ತಿದೆ ಎಂದು ಎರಡು ಸಲ ಕೂಗಿ ಹೇಳಿದ್ದ, ನಾನೇ ಅಲ್ಲೇ ಇರು ಅಂದೆ. ಮುದುಕನಿಗೆ ಈ ಸಲ ಕೇಳಿಸಿತು. ಶಾಪ ಹಾಕುತ್ತಾನೆಂದು ತಿಪ್ಪೇಶ ಬಗ್ಗಿಕೊಂಡೇ ಇದ್ದ.

"ಹಂಗಾದ್ರ ಅಂವ ಎಚ್ಚರ ಇದ್ದ," ಎಂದ ಭರಮಣ್ಣ. ತಿಪ್ಪೇಶನಿಗಲ್ಲ, ಸೊಸೆಗೆ ಹೇಳಿದ್ದು. "ಕೇಳಿದೇನವಾ? ಎಚ್ಚರ ಇದ್ದ ಅಂತ."

ತುಳಸಿ ಆಗ ಅತ್ತಳು. ನಿಂತುಕೊಂಡೇ, ಮುಖ ಮುಚ್ಚಿಕೊಳ್ಳದೆ, ಬೈಯುವವಳಂತೆ ಅತ್ತಳು. ಎಚ್ಚರವಿದ್ದವನು ಬಿರುಕು ತನ್ನ ಕಾಲಿನವರೆಗೆ ಬರುವುದನ್ನು ನೋಡಿರಬೇಕು. ದಾರಿಯಲ್ಲಿದ್ದ ಸಾಹೇಬರಿಗಾಗಿ ಕೆಳಗಿನ ರಸ್ತೆಯನ್ನೂ ನೋಡಿರಬೇಕು. ಇಪ್ಪತ್ತು ನಿಮಿಷದ ಆಟದಲ್ಲಿ ತಿಪ್ಪೇಶ ಅದನ್ನು ಮಾಡಿರಲಿಲ್ಲ. ಅವನ ಗುಡಿಸಲಿನ ಮನುಷ್ಯ ಯಾರಿಗೂ ಕಾಯುತ್ತಿರಲಿಲ್ಲ. ಬಾಗಿಲು ತೆರೆಯದಂತೆ ಮಾಡಿ, ಅವನಿಗೆ ಹೊರಬರಲಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೊನ್ನೂರುಸ್ವಾಮಿಗೆ ಯಾವ ಬಾಗಿಲೂ ಅಡ್ಡವಿರಲಿಲ್ಲ. ನಾಲ್ಕು ಹೆಜ್ಜೆ ಓಡಿದ್ದರೆ ಬದುಕುತ್ತಿದ್ದ. ಅಣ್ಣನ ಮಾತು ನಂಬಿ ನಿಂತ.

ವೇದಿಕೆಯ ಮೇಲೆ ವಿರುಪಾಕ್ಷಪ್ಪ ಪ್ರತಿಜ್ಞೆ ಬೋಧಿಸಲು ಶುರು ಮಾಡಿದ್ದ. ಕೈ ಮುಂದೆ ಚಾಚಿ, ನನ್ನ ಮತ್ತು ನನ್ನ ಜೊತೆಗಾರರ ಜೀವವನ್ನು ಎನ್ನುತ್ತಿದ್ದ, ಜನ ಅದನ್ನೇ ತಿರುಗಿ ಹೇಳುತ್ತಿದ್ದರು. ತಿಪ್ಪೇಶ ಕುರ್ಚಿಗಳ ನಡುವೆ ನಡೆದ. ಯಾರೂ ಕಳಿಸಿದ್ದಲ್ಲ. ಇಷ್ಟು ದಿನ ನಲ್ಲಿಯ ಮೇಲೆ, ಹೆಂಡತಿಯ ಮೇಲೆ ಹರಿದ ಸಿಟ್ಟು ಈಗ ಕಾಲುಗಳಲ್ಲಿತ್ತು. ಮೆಟ್ಟಿಲು ಹತ್ತಿದ. ಆಟದ ಬಗ್ಗೆ ಎರಡು ಮಾತು ಹೇಳಲು ಬಂದನೆಂದುಕೊಂಡು ವಿರುಪಾಕ್ಷಪ್ಪ ನಗುತ್ತಲೇ ಮೈಕು ಬಿಟ್ಟುಕೊಟ್ಟ.

ಮುಂದೆ ನಡೆದದ್ದು ಹೆಚ್ಚೇನಲ್ಲ. ಮರುದಿನದಿಂದ ಕಂಪನಿ ಬಸ್ಸು ಅವನಿಗಾಗಿ ನಿಲ್ಲಲಿಲ್ಲ. ತುಳಸಿ ಮೂರು ವಾರ ಅಲೆದು, ಅವನನ್ನೂ ಜೊತೆಗೆ ಅಲೆಸಿ, ಅಧಿಕಾರಿಯೊಬ್ಬರ ಎದುರು ಹೊಸ ಹೇಳಿಕೆ ಬರೆಸಿಕೊಂಡಳು. ಆ ಅಲೆದಾಟದಲ್ಲಿ ಒಂದು ಸಲವೂ ಅವನ ಪಕ್ಕದ ಸೀಟಿನಲ್ಲಿ ಅವಳು ಕೂರಲಿಲ್ಲ. ಆದರೆ ಆ ಮಧ್ಯಾಹ್ನ ಮೈಕಿನ ಮುಂದೆ ನಿಂತಾಗ ಇದಾವುದೂ ಅವನ ತಲೆಯಲ್ಲಿರಲಿಲ್ಲ. "ಹೊನ್ನೂರುಸ್ವಾಮಿ ಕುಡ್ದಿರ್ಲಿಲ್ಲ," ಎಂದ. "ಕಾಗದದಾಗ ಸುಳ್ಳು ಬರದ್ವಿ. ನಾನ ಬರದೆ, ಇವ್ರು ಬರಸಿದ್ರು." ಇಷ್ಟಾಗುವಷ್ಟರಲ್ಲಿ ಮೈಕು ಸತ್ತಿತು. ಯಾರೋ ವೈರು ಎಳೆದಿದ್ದರು. ವಿರುಪಾಕ್ಷಪ್ಪ ಅವನ ತೋಳು ಹಿಡಿದ. ಆ ಮುಖದಲ್ಲಿ ಕೊನೆಗೂ ಏನೋ ಅಲುಗಿತ್ತು. ಅದನ್ನು ನೋಡುವ ಆಸೆ ತಿಪ್ಪೇಶನಿಗೆ ಉಳಿದಿರಲಿಲ್ಲ. ತೋಳು ಕೊಡವಿ, ಗಂಟಲು ಹರಿಯುವಂತೆ ಉಳಿದದ್ದನ್ನು ಕೂಗಿ ಹೇಳಿದ. ಎರಡು ಸಲ ಕರೆದಿದ್ದನ್ನು, ಮೊಸರನ್ನವನ್ನು, ದಾರಿಯಲ್ಲಿದ್ದಾರೆ ಎಂದ ಸುಳ್ಳನ್ನು.

ಮುಂದಿನ ಎರಡು ಮೂರು ಸಾಲಿಗೆ ಮಾತ್ರ ಕೇಳಿಸಿತು. ಹಿಂದಿನವರು ಎದ್ದು ನಿಂತು, ಏನಂದ ಎಂದು ಮುಂದಿನವರನ್ನು ಕೇಳಿದರು. ಮುಂದಿನವರು ತಿರುಗಿ ಹೇಳಿದರು. ಅವರು ತಮ್ಮ ಹಿಂದಿನವರಿಗೆ ಹೇಳಿದರು. ವಾಚ್‌ಮನ್ನುಗಳು ಎರಡೂ ಕಡೆಯಿಂದ ಹಿಡಿದು ಎಳೆಯುತ್ತಿದ್ದಾಗ, ಮಾತು ಒಂದೊಂದೇ ಕುರ್ಚಿ ದಾಟಿ ಹಿಂದಕ್ಕೆ ಹೋಗುವುದನ್ನು ತಿಪ್ಪೇಶ ಕಂಡ. ಕಡೆಯ ಸಾಲಿಗೆ ಅದು ಮುಟ್ಟಿತು. ಅದರ ಮುಂದೆ ನಿಂತಿದ್ದ ಟಿಪ್ಪರ್ ಡ್ರೈವರೊಬ್ಬ, ಹಿಂದೆ ಕುಳಿತ ಮುದುಕ ಯಾರೆಂದು ತಿಳಿಯದೆ, ಬಗ್ಗಿ ಭರಮಣ್ಣನ ಕಿವಿಗೆ ಜೋರಾಗಿ ಹೇಳುತ್ತಿದ್ದ. ಸತ್ತನಲ್ಲ ಹೊನ್ನೂರುಸ್ವಾಮಿ ಅಂತ, ಅವನು ಕುಡಿದಿರಲಿಲ್ಲವಂತೆ. ಭರಮಣ್ಣ ಕಿವಿಯ ಹಿಂದೆ ಕೈಯಿಟ್ಟುಕೊಂಡು, ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದ.